ಕ್ರಿಯಾಶೀಲ ಸರಣಿಯಲ್ಲಿ ನನ್ನ ಜಾಗ

ನಮ್ಮ ಯಜಮಾನರಿಗೆ ಹೆಂಡತಿಗಿಂತ ಅಲ್ಯೂಮಿನಿಯಂ ಮೇಲೆ ಪ್ರೀತಿ ಜಾಸ್ತಿ ಇತ್ತು. ನಗಬೇಡಿ! ಸವತಿ ಮನುಷ್ಯಳಾಗಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದು. ತಟ್ಟೆಯ ಜುಟ್ಟನ್ನು ಎಲ್ಲಿ ಹಿಡಿಯೋಣ?

ಜಡಿಗೇನಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ವಿಜ್ಞಾನದ ಮೇಷ್ಟರು. ಲೋಹಗಳ ಪಾಠವೆಂದರೆ ಪ್ರಾಣ. ಯಾವ ಲೋಹ ಬೇಗ ರೇಗುತ್ತದೆ, ಯಾವುದು ತೆಪ್ಪಗಿರುತ್ತದೆ ಎಂದು ಮೇಲಿನಿಂದ ಕೆಳಕ್ಕೆ ಜೋಡಿಸಿದ ಕ್ರಿಯಾಶೀಲ ಸರಣಿ ಅವರ ತಲೆಯಲ್ಲಿ ಸದಾ ನೇತಾಡುತ್ತಿತ್ತು. ಅದಕ್ಕೆ ನೆಂಟರನ್ನೂ ಸೇರಿಸಿಬಿಟ್ಟಿದ್ದರು! ನಮ್ಮಮ್ಮ ಪೊಟ್ಯಾಸಿಯಂ. "ನೀರು ತಗುಲಿದ್ರೂ ಹೊತ್ಕೊಳ್ಳುತ್ತೆ ಕಣೇ, ಸೀಮೆಎಣ್ಣೇಲಿ ಮುಳುಗಿಸಿಡ್ಬೇಕು." ಅವರಣ್ಣ ಸೀಸ: ಭಾರ ಜಾಸ್ತಿ, ಚುರುಕು ಕಡಿಮೆ. ಹೊಸಕೋಟೆಯ ಒಂದು ಮದುವೆಯಲ್ಲಿ ನಮ್ಮಮ್ಮ ಮುಂದಿನ ಸಾಲಿಗೆ ಬಂದು ನಿಂತದ್ದೇ ತಡ, ಭಾವನವರು ಮೆಲ್ಲಗೆ ಎದ್ದು ಹಿಂದಕ್ಕೆ ಹೋದರು. ಇವರು ಓಲಗವನ್ನೂ ಮೀರಿಸಿ ಕೂಗಿದರು: "ನೋಡಿದ್ಯೇನೇ, ಸ್ಥಾನಪಲ್ಲಟ ಕ್ರಿಯೆ!"

"ಸರಿ, ನಾನ್ಯಾವ ಲೋಹ?"

"ನಿಂದಿನ್ನೂ ಗೊತ್ತಾಗಿಲ್ಲ ಕಣೇ."

ಮದುವೆಯಾದಾಗಿನಿಂದ ಜೊತೆಗಿದ್ದೇನೆ, ಗೊತ್ತಾಗಿಲ್ಲವಂತೆ! ನನಗೆ ಬೇಕಾಗಿದ್ದದ್ದು ಇಷ್ಟೇ, ಆ ಸರಣಿಯಲ್ಲಿ ಎಲ್ಲಾದರೂ ಒಂದು ಜಾಗ. ಸೀಸದ ಕೆಳಗಾದರೂ ಸರಿ.

ನನ್ನ ನಾದಿನಿಯನ್ನು ನೋಡಲು ನಮ್ಮ ಕಡೆಯದೇ ಮಧುರೆ ಹಳ್ಳಿಯಿಂದ ಗಂಡಿನ ಕಡೆಯವರು ಬಂದಾಗಿನ ಕತೆ ಕೇಳಿ. ನಮಗೆಲ್ಲ ಸ್ಟೀಲ್ ತಟ್ಟೆ, ಬಂದವರಿಗೆ ಮಾತ್ರ ನೆಗ್ಗಿದ ಅಲ್ಯೂಮಿನಿಯಂ ತಟ್ಟೆ! ಗಂಡಿನ ಅಪ್ಪ ತಟ್ಟೆ ತಿರುಗಿಸಿ ನೋಡಿದರು. "ಏನಪ್ಪಾ ಮೇಷ್ಟ್ರೇ, ನಮಗೆ ಇದಾ?"

"ಸಾಮಾನ್ಯ ಅನ್ಕೋಬೇಡಿ. ಹಿಂದಿನ ಕಾಲ್ದಲ್ಲಿ ಅದಿರಿಂದ ಇದನ್ನ ಬಿಡಿಸೋದೇ ಭಾರಿ ಕಷ್ಟ. ಚಿನ್ನಕ್ಕಿಂತ ದುಬಾರಿ! ರಾಜರ ಮನೇಲಿ ದೊಡ್ಡ ಅತಿಥಿಗಳಿಗೆ ಮಾತ್ರ ಇಡ್ತಿದ್ರು."

"ಓಹೋ! ಈಗ?"

"ಈಗ ಕರೆಂಟ್ ಹಾಯಿಸಿ ಬಿಡಿಸ್ತಾರೆ. ಬಲು ಅಗ್ಗ."

ಅಲ್ಲಿಗೇ ನಿಲ್ಲಿಸಬಾರದಿತ್ತೇ? ಕೊನೆಯ ಮಾತಿಗೆ ಪಾಯಸ ಅರ್ಧಕ್ಕೇ ಉಳಿಯಿತು. ಹುಡುಗನಿಗೆ ನಗು ತಡೆಯಲಾಗಲಿಲ್ಲವಾದ್ದರಿಂದ ಸಂಬಂಧ ಉಳಿಯಿತು.

ಆ ನಾದಿನಿಯೇ ಒಮ್ಮೆ ತವರಿಗೆ ಬಂದಿದ್ದಾಗ ಚಿನ್ನಕ್ಕೆ ಪಾಲಿಷ್ ಹಾಕುವವನನ್ನು ಜಗಲಿಗೆ ಕರೆದಳು. ಅವನು ಬಳೆಯನ್ನು ಬಟ್ಟಲಿಗೆ ಅದ್ದಬೇಕು, ಅಷ್ಟರಲ್ಲಿ ಇವರು ಮೂಗರಳಿಸಿಕೊಂಡು ಹೊರಬಂದರು. "ಅಕ್ವಾ ರೀಜಿಯಾ! ಯಾವ ಆಮ್ಲಕ್ಕೂ ಬಗ್ಗದ ಚಿನ್ನ ಇದರಲ್ಲಿ ಕರಗುತ್ತೆ!" ಹಿಡೀರಿ ಕಳ್ಳನ್ನ ಎಂದು ನಾವು ಕೂಗುವುದರೊಳಗೆ ಇವರು ಅವನ ಪಕ್ಕದಲ್ಲೇ ಕೂತಾಗಿತ್ತು.

"ಎರಡು ಆಮ್ಲಾನೂ ಯಾವ ಅಳತೇಲಿ ಬೆರೆಸ್ದೆ?"

"ಅಂದಾಜಿಗೆ ಸಾರ್."

"ಅಂದಾಜಾ! ಥೂ, ಮೂರಕ್ಕೊಂದು ಇರ್ಬೇಕು ಕಣೋ!"

ಅವನು ಕೈಮುಗಿದು ಹೊರಟುಹೋದ. ಬಳೆ ಉಳಿಯಿತು, ನಿಜ. ತಾಲ್ಲೂಕಿಗೆ ಒಬ್ಬ ನುರಿತ ಕಳ್ಳನೂ ಸಿಕ್ಕಿದ.

"ಕಳ್ಳನಿಗೆ ಪಾಠ ಹೇಳ್ತೀರಿ, ನನ್ನ ಜಾಗ ಯಾವುದು ಅಂತ ಹೇಳಲ್ಲ" ಎಂದು ನಾನು ರೇಗಿದೆ.

"ಇರೇ, ನೋಡೋಣ" ಎಂದರು.

ಆಮೇಲೆ ಅವರಿಗೆ ಬಿಡದ ತಲೆನೋವು ಶುರುವಾಯಿತು. ಸ್ಕ್ಯಾನ್ ಮಾಡಿಸಲು ಹೋದೆವು, ನಾದಿನಿಯೂ ಜೊತೆಗಿದ್ದಳು. ಆ ಯಂತ್ರವೇ ಒಂದು ದೊಡ್ಡ ಅಯಸ್ಕಾಂತವಂತೆ. ನರ್ಸ್ ಕೇಳಿದಳು: "ಮೈಮೇಲೆ ಲೋಹ ಏನಾದ್ರೂ ಇದ್ಯಾ ಸಾರ್?"

"ಮೈಮೇಲಿಲ್ಲಮ್ಮ, ಒಳಗಿದೆ. ರಕ್ತದಲ್ಲಿ ಕಬ್ಬಿಣ, ಮೂಳೇಲಿ ಕ್ಯಾಲ್ಸಿಯಂ. ಬಿಚ್ಚಿಡ್ಲಾ?"

ನರ್ಸ್ ನಕ್ಕಳು. ಇವರು ನನ್ನ ಸೆರಗಿನ ತುದಿ ಹಿಡಿದುಕೊಂಡರು. "ಇವ್ಳೂ ಒಳಗೆ ಬರ್ಲಿ" ಎಂದರು.

"ಬರಬಹುದು. ಆದ್ರೆ ತಾಳಿ, ಬಳೆ, ಕಾಲುಂಗುರ ಎಲ್ಲ ತೆಗೀಬೇಕು."

"ಅಯ್ಯೋ ಅತ್ತಿಗೆ, ಬೇಡ!" ನಾದಿನಿ ನನ್ನ ತೋಳು ಹಿಡಿದಳು. "ಅಣ್ಣ ಇರೋವಾಗ ತಾಳಿ ಬಿಚ್ತಾರಾ?"

ನನ್ನ ಕೈ ಕೊರಳ ಹತ್ತಿರ ಹೋಗಿ ನಿಂತುಬಿಟ್ಟಿತು. ಅವರು ನನ್ನನ್ನೇ ನೋಡಿದರು. ಈ ಸಲ ಪಾಠವಿರಲಿಲ್ಲ.

"ಚಿನ್ನಕ್ಕೆ ಎಲ್ಲಿಟ್ರೂ ಏನೂ ಆಗಲ್ಲ ಕಣೇ. ನೀನು ಪಕ್ಕದಲ್ಲಿ ಇಲ್ದಿದ್ರೆ ನಂಗಾಗುತ್ತೆ."

ಎಲ್ಲವನ್ನೂ ಬಿಚ್ಚಿ ನಾದಿನಿಯ ಸೆರಗಿಗೆ ಹಾಕಿ ಒಳಗೆ ಹೋದೆ. ಆ ಯಂತ್ರ ಬಡಿದುಕೊಳ್ಳುತ್ತಿದ್ದಷ್ಟು ಹೊತ್ತೂ ಅವರ ಪಾದ ಹಿಡಿದು ಕೂತಿದ್ದೆ. ಸರಣಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಅವರು ಹೋದ ಮೇಲೆ, ಹನ್ನೊಂದನೆಯ ದಿನದ ಕಾರ್ಯದಲ್ಲಿ, ಹೆಂಗಸರು ನನ್ನ ಕೊರಳಿಗೆ ಕೈ ಹಾಕಲಾರದೆ ಅಳುತ್ತಾ ನಿಂತರು. ನಾನೇ ಬಿಚ್ಚಿದೆ. ಬಿಚ್ಚಿ ನಾದಿನಿಯ ಕೈಗೆ ಕೊಟ್ಟು ಎದ್ದು ನಿಂತೆ. ಈ ಸಲ ಒಳಗೆ ಹೋಗಲು ಯಾವ ಕೋಣೆಯೂ ಇರಲಿಲ್ಲ.