ನನ್ನ ಮೊಣಕೈಯ ಹುಸಿ ಕೂಗು

ನನ್ನ ಮೊಣಕೈಗೆ ಕಾಯಿಲೆ ಬಂದ ವರ್ಷ ಊರಿನವರೆಲ್ಲ ವೈದ್ಯರಾದರು. ನಮ್ಮ ಹೆತ್ತೂರು ಕಡೆ ಇಂಥದ್ದು ನಡೆಯುತ್ತಲೇ ಇರುತ್ತದೆ. ಹುಸಿ ಕೂಗಿನ ವಿಷಯವನ್ನು ನನಗೆ ಮೊದಲು ಹೇಳಿದವರು ಬಾಳ್ಳುಪೇಟೆಯ ಡಾಕ್ಟರಮ್ಮ. ಮಂಗಳೂರು ಕಡೆಯ ಮನೆತನ, ಕೊರಳಲ್ಲಿ ಶಿಲುಬೆ. ನನ್ನ ಹಣೆಯಲ್ಲಿ ವಿಭೂತಿ. ಎಂಬತ್ತರ ದಶಕದ ಕೊನೆಯ ಮಾತು.

೧. ತುಕ್ಕು

ಮೊಣಕೈ ಕೆಂಪಾಗಿ, ಮೇಲೆ ಬೆಳ್ಳಗೆ ಹೊಟ್ಟು ಏಳತೊಡಗಿತು. ಮೊದಲು ಕಂಡವರು ಪಕ್ಕದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ನನ್ನ ಕೈಯನ್ನು ಕಾಫಿ ಎಲೆಯಂತೆ ಹಿಂದೆ ಮುಂದೆ ತಿರುಗಿಸಿ, "ಎಲೆಗೆ ತುಕ್ಕು ಹಿಡಿದಂಗೆ ಐತೆ ಕಣ್ರೀ. ಬೋರ್ಡೋ ಹೊಡೆದ್ರೆ ಹೋಗ್ತದೆ" ಎಂದರು. ನೀಲಿ ಮೈಲುತುತ್ತ, ಸುಣ್ಣ ಕಲಸಿದ ಆ ಔಷಧಿ ಗಿಡದ್ದು ಎಂದು ನನಗೂ ಗೊತ್ತಿತ್ತು. ಆದರೂ ಹಚ್ಚಿಸಿಕೊಂಡೆ. ಉರಿಯ ವಿಷಯ ಬರೆಯುವುದಿಲ್ಲ. ಈಶ್ವರನಿಗೆ ಕಂಠ ನೀಲಿ. ಅವನ ಭಕ್ತನಿಗೆ ವಾರವಿಡೀ ಮೊಣಕೈ ನೀಲಿ. ರೈಟರ್ ಬಂದು ನೋಡಿ, ಮಳೆಗೆ ಮುಂಚೆ ಹೊಡೆಯಬೇಕಿತ್ತು ಎಂದರು.

೨. ಡಾಕ್ಟರಮ್ಮನ ಗದ್ದೆ

ಡಾಕ್ಟರಮ್ಮ ನೋಡಿದೊಡನೆ ಸೋರಿಯಾಸಿಸ್ ಎಂದರು, ಅಂಟುವ ರೋಗವಲ್ಲವಂತೆ. ನನಗೆ ತಿಳಿಯಲಿ ಎಂದು ಗದ್ದೆಯ ಮಾತು ತೆಗೆದರು. ಹಂದಿ ಬಂದರೆ ಒಂದು ಅಟ್ಟಣೆಯಿಂದ ಕಾವಲಿನವನು ಕೂಗು ಹಾಕುತ್ತಾನೆ, ಮುಂದಿನ ಅಟ್ಟಣೆಯವನು ಅದನ್ನು ಎತ್ತಿಕೊಳ್ಳುತ್ತಾನೆ. ರಕ್ತದಲ್ಲೂ ಕಾವಲಿನ ಕಣಗಳುಂಟು. ಅವಕ್ಕೆ ಬಾಯಿಲ್ಲ, ಒಂದು ಬಗೆಯ ರಸ ಸುರಿಸಿ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ನನ್ನೊಳಗೆ ಹಂದಿ ಬಾರದೆಯೇ ಕೂಗು ಎದ್ದಿದೆ. ಅದನ್ನು ಕೇಳಿದ ಚರ್ಮ ಗಾಬರಿಬಿದ್ದು, ತಿಂಗಳ ಕೆಲಸವನ್ನು ನಾಲ್ಕೈದು ದಿನದಲ್ಲಿ ಮುಗಿಸಿ ಹೊಟ್ಟು ರಾಶಿ ಹಾಕುತ್ತಿದೆ. ಮೊದಲು ಕೂಗಿದವರು ಯಾರೆಂದು ದೊಡ್ಡ ಡಾಕ್ಟರುಗಳೂ ಇನ್ನೂ ಹುಡುಕುತ್ತಿದ್ದಾರಂತೆ.

ಜೊತೆಗೆ ಬಂದಿದ್ದ ನನ್ನ ಹೆಂಡತಿ, "ಹುಡುಕೋದೇನೈತಮ್ಮ. ಹಂದಿ ಇಲ್ದಿದ್ರೂ ಕೂಗಾಡೋದು ಇವರ ಮನೆತನದ ಗುಣ" ಎಂದಳು.

೩. ಊರಿನ ಕೂಗು

ನಮ್ಮೂರ ಈಶ್ವರನ ಗುಡಿಯಲ್ಲಿ ಕಾರ್ತಿಕ ಸೋಮವಾರ ಊರೂಟ. ಗುಡಿಗೆ ಗದ್ದೆ ಬಿಟ್ಟವನು ನನ್ನ ಮುತ್ತಾತ. ಅವನ ರಕ್ತದವರೇ ಮೊದಲ ಪಾಯಸ ಬಡಿಸಬೇಕೆಂಬುದು ಕಟ್ಟಳೆ. ಆ ಹಿತ್ತಾಳೆ ಸೌಟು ಇಪ್ಪತ್ತು ವರ್ಷದಿಂದ ನನ್ನ ಕೈಯಲ್ಲಿತ್ತು. ದೇವರು ನನಗೆ ಕೊಟ್ಟ ಅಧಿಕಾರ ಅದೊಂದೇ. ಅದರ ಮೇಲೆ ನನ್ನ ದಾಯಾದಿಗೆ ಕಣ್ಣು. ತಾನೂ ಅದೇ ರಕ್ತ ಎಂದು ಪ್ರತಿ ವರ್ಷ ಹೇಳುತ್ತಿದ್ದ.

ಆ ವರ್ಷ ಅವನು ಒಂದೇ ಮನೆಯಲ್ಲಿ, ಮೆಲ್ಲಗೆ, ನನ್ನದು ಅಂಟುರೋಗ ಎಂದ. ಕೂಗು ಮನೆಯಿಂದ ಮನೆಗೆ ಏರಿ, ಮುಂದಿನ ಊರು ಹೊಂಗಡಹಳ್ಳ ಮುಟ್ಟುವ ಹೊತ್ತಿಗೆ ನನ್ನ ಕೈಯನ್ನೇ ಕತ್ತರಿಸಿದ್ದರು. ನಾನು ಅಲ್ಲಿ ಬಸ್ಸಿನ ಕಂಬಿ ಹಿಡಿದು ಇಳಿದಾಗ, ಪರಿಚಯದವರೊಬ್ಬರು ಅದೇ ಕೈಯನ್ನು ನೋಡುತ್ತಾ, "ಎಂಥಾ ಕೈ ಮಾರಾಯ, ಹೋಗ್ಬುಡ್ತಲ್ಲ" ಎಂದು ಮರುಗಿದರು.

೪. ಸೌಟು

ಊರೂಟದ ದಿನ ಹೋದರೆ ಸೌಟು ದಾಯಾದಿಯ ಕೈಯಲ್ಲಿತ್ತು. ಊರಿನ ಹಿರಿಯರು ನನ್ನ ಮುಖ ನೋಡಲಿಲ್ಲ. ನಾನು ಕರೆದಿದ್ದರಿಂದ ಡಾಕ್ಟರಮ್ಮನೂ ಬಂದು ಪಂಕ್ತಿಯಲ್ಲಿ ಕೂತಿದ್ದರು. ಎಲ್ಲರಿಗೂ ಕೇಳುವಂತೆ, "ಇದು ಮುಟ್ಟಿದರೆ ಅಂಟುವುದಿಲ್ಲ, ನನಗೆ ಇವರೇ ಬಡಿಸಲಿ" ಎಂದರು.

ದಾಯಾದಿ ಬಿಡಲಿಲ್ಲ. "ಅಂಟದಿದ್ರೆ ಇವನಿಗೆ ಎಲ್ಲಿಂದ ಬಂತಮ್ಮ?"

"ಕೆಲವು ಮನೆತನಗಳಲ್ಲಿ ರಕ್ತದಲ್ಲೇ ಬರುವುದುಂಟು. ನೀವು ಇವರಿಗೆ ಏನಾಗಬೇಕು?"

ಪಂಕ್ತಿಯ ಕಣ್ಣುಗಳೆಲ್ಲ ಅವನ ಮೇಲೆ ಬಿದ್ದವು. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಏನೂ ಆಗ್ಬೇಕಿಲ್ಲ ಕಣಮ್ಮ. ಪಕ್ಕದ ಮನೆ, ಅಷ್ಟೇಯ" ಎಂದ.

ಹಿರಿಯರಲ್ಲಿ ಹಿರಿಯರೊಬ್ಬರು ಎಲೆಯಿಂದ ತಲೆ ಎತ್ತದೆ, "ಹಂಗಾದ್ರೆ ಸೌಟು ಕೆಳಗಿಡು ಮಾರಾಯ" ಎಂದರು.

ಶಿವನನ್ನು ನೆನೆದು ಬಡಿಸಿದೆ. ಪಕ್ಕದ ಮನೆಯವನು ಎರಡು ಸಲ ಪಾಯಸ ಹಾಕಿಸಿಕೊಂಡ. ಅವನ ತುಂಬುತೋಳಿನ ಅಂಗಿ ಎಲೆಗೆ ತಾಗಿ ನೆನೆಯುತ್ತಿತ್ತು. ತೋಳು ಮಡಿಸಿಕೋ ಎಂದೆ. ಬೇಡ, ಚಳಿ ಎಂದ. ಮೂರನೆಯ ಸಲ ಎಲೆ ಮುಂದೆ ನೂಕುವಾಗ ತೋಳು ತಾನಾಗಿಯೇ ಮೇಲೆ ಸರಿಯಿತು. ಅವನ ಮೊಣಕೈಯೂ ನೀಲಿಯಾಗಿತ್ತು.

ಓದಿದವರು ಇದನ್ನು ಮುಂದಿನ ಅಟ್ಟಣೆಗೆ ಕೂಗಿ ದಾಟಿಸಬೇಕೆಂದು ಕೇಳಿಕೊಳ್ಳುತ್ತೇನೆ: ಹಂದಿ ಬಂದಿಲ್ಲ, ಪಾಯಸ ಬಂದಿದೆ.