ಮಾವನವರ ಎರಡು ಡೈಮಂಡ್

ಈ ಕಥೆಯಲ್ಲಿ ಒಂದೆರಡು ಎಲೆ ಅದಲುಬದಲಾಗಿರಬಹುದು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ; ಡೈರಿಯಲ್ಲಿ ಬರೆದಿಟ್ಟದ್ದನ್ನೂ ಮರುದಿನ ಅನುಮಾನದಿಂದಲೇ ಓದುತ್ತೇನೆ. ಇಂಥವಳನ್ನು ಹಿಮಾಯತ್‌ನಗರದ ಕ್ಲಬ್ಬಿನಲ್ಲಿ ಬ್ರಿಜ್ ಎಂಬ ಇಸ್ಪೀಟಾಟಕ್ಕೆ ಜೋಡಿ ಮಾಡಿಕೊಂಡದ್ದು ನನ್ನ ಮಾವನವರ ಧೈರ್ಯ.

ಬ್ರಿಜ್‌ನಲ್ಲಿ ಜೋಡಿಗಳ ನಡುವೆ ಗುಟ್ಟು ಇರಕೂಡದು. ಮಾವನವರು ಕೂಗಿದ ಬಿಡ್‌ಗೆ, ಅಂದರೆ ಸವಾಲಿಗೆ, ನಾವಿಬ್ಬರೂ ಮೊದಲೇ ಮಾತಾಡಿಕೊಂಡು ಬೇರೆ ಅರ್ಥ ಇಟ್ಟುಕೊಂಡಿದ್ದರೆ ನಾನು ‘ಅಲರ್ಟ್’ ಅನ್ನಬೇಕು, ಎದುರಾಳಿಗಳು ಕೇಳಿದರೆ ಬಿಡಿಸಿ ಹೇಳಬೇಕು. ಕೂಗಿದವರು ಆಗ ತುಟಿ ಬಿಚ್ಚುವ ಹಾಗಿಲ್ಲ, ಹುಬ್ಬನ್ನೂ ಏರಿಸುವ ಹಾಗಿಲ್ಲ. ನಾನು ಹೇಳಿದ್ದು ತಪ್ಪಾಗಿದ್ದು ಕೊನೆಯ ಬಿಡ್ ನಮ್ಮದೇ ಆದರೆ, ಮೊದಲ ಎಲೆ ಬೀಳುವ ಮುಂಚೆ ಅವರೇ ಬಾಯಿಬಿಟ್ಟು ತಿದ್ದಬೇಕು. ಸಾರಿಗೆ ಉಪ್ಪು ಹೆಚ್ಚಾದರೆ ಪಕ್ಕದ ಮನೆಗೂ ಕೇಳಿಸುವಂತೆ ಹೇಳುವ ಮಾವನವರು ಈ ನಿಯಮವನ್ನು ಪೂಜೆಯಂತೆ ಪಾಲಿಸುತ್ತಾರೆ. ಎರಡು ಸಲ ನನ್ನನ್ನು ತಿದ್ದಿಯೂ ಆಗಿತ್ತು. "ಇನ್ನೊಮ್ಮಿ ತಪ್ಪು ಹೇಳಿದಿ ಅಂದ್ರ, ಕ್ಲಬ್ಬಿನ ಕಪ್ಪಿನ ಪಂದ್ಯಕ್ಕ ಬೇಗಂಪೇಟೆ ರಾವ್‌ಗಾರೂನ ಕರ್ಕೋತೀನಿ ನೋಡವ್ವಾ!"

ಆ ಭಾನುವಾರ ನಾನು ಒಂದು ನೋ ಟ್ರಂಪ್, ಅಂದರೆ ತುರುಫಿಲ್ಲದ ಆಟ, ಕೂಗಿದೆ. ಮಾವನವರು ಎರಡು ಡೈಮಂಡ್ ಎಂದರು. "ಅಲರ್ಟ್!" ಎಂದೆ, ಪಕ್ಕದ ಮೇಜಿನವರೂ ತಿರುಗುವಂತೆ. ಬಲಗಡೆ ಕುಳಿತ ಎದುರಾಳಿ ಲಕ್ಷ್ಮಿಗಾರು "ಅದೇಂಟಮ್ಮಾ?" ಎಂದು ಕೇಳಿದರು. ಅದು ಡೈಮಂಡ್ ಅಲ್ಲವೆಂದೂ, ಅವರ ಕೈಯಲ್ಲಿ ಐದಾದರೂ ಆಟೀನು ಇವೆಯೆಂದೂ ನನ್ನ ಹರಕು ತೆಲುಗಿನಲ್ಲಿ ವಿವರಿಸಿದೆ. ಬೆಳಗ್ಗೆ ಉಪ್ಪಿಟ್ಟು ತಿನ್ನುವಾಗ ಹಾಗೆಂದೇ ಮಾತಾಗಿತ್ತಲ್ಲ! ಮಾವನವರ ಹುಬ್ಬು ಕದಲಲಿಲ್ಲ. ನಾನು ಎರಡು ಆಟೀನು ಕೂಗಿದೆ. ಎಲ್ಲರೂ ಪಾಸ್.

ಈಗ ತಿದ್ದುವ ಹೊತ್ತು. ಮಾವನವರು ಕೆಮ್ಮಿದರು. ರಾವ್‌ಗಾರು ನನ್ನ ಕುರ್ಚಿಯಲ್ಲಿ ಕೂತೇಬಿಟ್ಟ ಹಾಗೆ ಕಂಡಿತು. ಆದರೆ ಮಾವನವರು ಒಂದು ಗುಟುಕು ನೀರು ಕುಡಿದು ಸುಮ್ಮನಾದರು. ಎಡಗಡೆಯಿಂದ ಮೊದಲ ಎಲೆ ಬಿತ್ತು. ಮಾವನವರು ತಮ್ಮ ಎಲೆಗಳನ್ನು ಮೇಜಿನ ಮೇಲೆ ಹರಡಿದರು: ಏಳು ಡೈಮಂಡ್, ಎರಡೇ ಎರಡು ಆಟೀನು!

ಲಕ್ಷ್ಮಿಗಾರು ಕಣ್ಣೊರೆಸಿಕೊಂಡು ನಕ್ಕರು. ಪುಣ್ಯಕ್ಕೆ ನನ್ನ ಕೈಯಲ್ಲೇ ಐದು ಆಟೀನು ಇದ್ದವು. ಬೆವರುತ್ತಾ ಎರಡು ಆಟೀನಿಗೆ ಬೇಕಾದ ಎಂಟು ಸುತ್ತುಗಳನ್ನು ಎಣಿಸಿ ಗೆದ್ದೆ. "ಭಾಳ ಛಲೋ ಆಡಿದಿ ಬಿಡವ್ವಾ," ಎಂದರು ಮಾವ. ಕಪ್ಪಿನ ಪಂದ್ಯಕ್ಕೂ ನಮ್ಮಿಬ್ಬರ ಹೆಸರನ್ನೇ ಬರೆಸಿದರು.

ಮನೆಗೆ ಬಂದು ಕುಣಿಯುವಷ್ಟು ಖುಷಿ. ಡೈರಿ ತೆಗೆಯುವ ತನಕ. ಹೊರಡುವ ಮುಂಚೆ ಬರೆದಿಟ್ಟದ್ದರಲ್ಲಿ ಅವತ್ತಿನ ತಿಂಡಿ ದೋಸೆ ಎಂದಿದೆ. ಎರಡು ಡೈಮಂಡ್ ಕುರಿತು ಮಾತಾಡಿದ್ದರ ಬಗ್ಗೆ ಒಂದು ಸಾಲೂ ಇಲ್ಲ.

ಮರುದಿನ ಚಹಾ ಕೊಡುತ್ತಾ ಕೇಳಿಯೇಬಿಟ್ಟೆ: "ಮಾವಾ, ನಿನ್ನೆ ನೀವು ಸುಮ್ಮನಿದ್ದದ್ದು, ನಾನು ಹೇಳಿದ್ದೇ ಸರಿ, ಮಾತಾಡಿಕೊಂಡಿದ್ದನ್ನ ನೀವೇ ಮರೆತು ಕೂಗಿದ್ದಿರಿ ಅಂತಲಾ? ಅಥವಾ ನಾನು ಹೇಳಿದ್ದು ತಪ್ಪಾದರೂ ನನಗೋಸ್ಕರ ನಿಯಮ ಮುರಿದಿರಾ?"

ಮಾವನವರು ಪೇಪರಿನ ಹಾಳೆ ತಿರುಗಿಸಿದರು. ಹುಬ್ಬು ಕದಲಲಿಲ್ಲ.