ಮನೆಗೂ ಫ್ಯಾಕ್ಟರಿಗೂ ನಡುವೆ ಒಂದು ಮರಿ

ವಡ್ಡು ಗ್ರಾಮದ ಹತ್ತಿರದ ಹೊಸ ಬಡಾವಣೆಗೆ ಬಂದ ಮೇಲೆ ನಗೋದಕ್ಕೆ ಅಂತ ನಾನು ಟೀವಿ ಹಚ್ಚಿದ್ದೇ ಇಲ್ಲ. ಬಾಗಿಲು ತೆಗೆದರೆ ಸಾಕು, ಏನಾದರೊಂದು ನಡೆದೇ ಇರುತ್ತದೆ. ನಮ್ಮದು ಕೊನೆಯ ಸಾಲಿನ ಮನೆ. ಹಿತ್ತಲ ಹಿಂದೆ ತಂತಿ ಬೇಲಿ, ಬೇಲಿಯಾಚೆ ನನ್ನ ಗಂಡ ಕೆಲಸ ಮಾಡುವ ಉಕ್ಕಿನ ಫ್ಯಾಕ್ಟರಿ. ಹೊಗೆ, ಧೂಳು, ಸೈರನ್ನು ಎಲ್ಲಾ ಪುಕ್ಕಟೆ.

ಕಾವಿ ಪಂಚೆ

ಪಕ್ಕದ ಮನೆಗೆ ಹೊಸಪೇಟೆಯಿಂದ ಒಬ್ಬ ಆಚಾರ್ಯರು ಬಂದರು. ಭಾಳ ಮಡಿ. ಬಂದ ವಾರವೇ ಬಿಳಿ ಪಂಚೆಗಳನ್ನೆಲ್ಲ ಒಗೆಸಿ ಮಾಳಿಗೆ ಮೇಲೆ ಒಣಹಾಕಿದರು. ಅವತ್ತು ಗಾಳಿ ಅದಿರಿನ ರಾಶಿ ಕಡೆಯಿಂದ ಬೀಸಬೇಕೇ! ಸಂಜೆ ತೆಗೆದರೆ ಒಂದೊಂದೂ ಕಾವಿ ಬಣ್ಣ. ಎಷ್ಟು ಕುಕ್ಕಿದರೂ ಹೋಗಲಿಲ್ಲ. ಮರುದಿನ ಅದನ್ನೇ ಉಟ್ಟು ಹೊರಗೆ ಬಂದರು. ತರಕಾರಿಯವಳು ಬುಟ್ಟಿ ಇಳಿಸಿದವಳೇ ಅಡ್ಡಬಿದ್ದಳು.

ಆಚಾರ್ಯರ ಹೆಂಡತಿ ಬಾಗಿಲಿಂದಲೇ ಕೂಗಿದರು: "ಏಳವ್ವಾ ಏಳು, ಇವರೇನು ಸನ್ಯಾಸ ತಗೊಂಡಿಲ್ಲ. ತಗೊಂಡಿದ್ರ ನನಗ ಪಂಚೆ ಒಗಿಯೋದಾದ್ರೂ ತಪ್ಪತಿತ್ತು!"

ಮರಿ ಬೇಕ್ರಿ

ಪಂಚೆ ಪ್ರಕರಣ ಆದ ಮೇಲೆ ಬಡಾವಣೆಯವರೆಲ್ಲ ಸಭೆ ಸೇರಿದರು. ಬಡಾವಣೆ ಕಟ್ಟಿಸಿದ ಕಂಪನಿಯ ಎಂಜಿನಿಯರನ್ನೂ ಕರೆಸಿದರು. ಪಾಪ, ಮೈಸೂರಿನವನು, ಹೊಸಬ. ನಮ್ಮ ಬಾಯಲ್ಲಿ 'ಮನೆ' ಮನಿ ಆಗ್ತದೆ, 'ಮರೆ' ಮರಿ ಆಗ್ತದೆ ಅಂತ ಅವನಿಗೇನು ಗೊತ್ತು?

ನನ್ನ ಗಂಡ ಎದ್ದು ನಿಂತು ಹೇಳಿದರು: "ಸಾರ್, ನಮಗ ಮೊದ್ಲು ಮರಿ ಬೇಕ್ರಿ. ಮನಿಗೂ ಫ್ಯಾಕ್ಟ್ರಿಗೂ ನಡುವ."

"ನಾಯಿಮರಿ ಆದ್ರೆ ಸಾಕ್ಕೊಳ್ಳಿ. ಆಡು, ಕುರಿಮರಿ ಎಲ್ಲ ಆಗೋಲ್ಲ."

"ಸಣ್ಣದು ಬ್ಯಾಡ್ರಿ, ಎತ್ತರಂದು ಬೇಕು. ಸಾಲಾಗಿ ನಿಂದ್ರಬೇಕು, ಹೊಗಿ ತಡೀಬೇಕು."

"ಮರಿ ಹೊಗೆ ಹೆಂಗ್ರೀ ತಡೆಯುತ್ತೆ?"

ಆಚಾರ್ಯರು ಹಣೆ ಬಡಿದುಕೊಂಡರು. "ಸ್ವಾಮೀ, ಗಿಡ ಹಚ್ಚಿ ಅಡ್ಡ ಮಾಡ್ರಿ ಅಂತ! ಪರದೆ, ಪರದೆ!"

ಸಭೆಯೆಲ್ಲ ನಕ್ಕಿತು. ಅಷ್ಟರಲ್ಲಿ ಹಿಂದಿನಿಂದ ನಮ್ಮತ್ತೆಯ ದನಿ: "ನನಗ ಮರಿ ಬ್ಯಾಡ. ನನ್ನ ಹುಣಸಿಗಿಡ ಕಾಣಂಗಿಲ್ಲ."

"ಅವ್ವಾ, ಸುಮ್ನ ಕುಂದ್ರು," ಅಂದರು ನನ್ನ ಗಂಡ.

ಬೇಲಿಯಾಚೆ ಫ್ಯಾಕ್ಟರಿ ಜಾಗದಲ್ಲಿ ಒಂದು ಹುಣಸೆಮರ ಇದೆ. ಮುಂಚೆ ಆ ಜಾಗ ನಮ್ಮತ್ತೆಯ ಹೊಲ. ಹೊಲ ಫ್ಯಾಕ್ಟರಿಗೆ ಹೋಯಿತು, ಬದುವೂ ಹೋಯಿತು, ಹೆಂಗೋ ಮರ ಮಾತ್ರ ಉಳಿಯಿತು. ಕಳೆ ಕೀಳುವಾಗ ನನ್ನ ಗಂಡನನ್ನು ಜೋಲಿ ಕಟ್ಟಿ ಮಲಗಿಸುತ್ತಿದ್ದುದು ಅದರ ಕೊಂಬೆಗೇ. ಈಗ ದಿನಾ ಮಧ್ಯಾಹ್ನ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಅದನ್ನೇ ನೋಡುತ್ತಾರೆ. ಊಟಕ್ಕೆ ಕರೆದರೂ ಏಳುವುದಿಲ್ಲ. ಏನು ನೋಡ್ತೀರಿ ಅತ್ತಿ ಅಂದರೆ, "ಜೀವ ಎಳಿತೈತವ್ವಾ, ಅದಕ್ಕ" ಅಂತಾರೆ. ಆದರೆ ಬಡಾವಣೆಗೆಲ್ಲ ಮರೆ ಬೇಕಾಗಿತ್ತಲ್ಲ!

ಮರಿ ಬಂತು

ಬೇವಿನ ಸಸಿ ಹಚ್ಚಿದರು. ಎಲ್ಲಾ ಕಡೆ ಮಸ್ತ್ ಬಂದವು. ನಮ್ಮ ಹಿತ್ತಲ ಹಿಂದೆ ಮಾತ್ರ ಬರೀ ಕಡ್ಡಿ. ಮತ್ತೆ ಹಚ್ಚಿದರು, ಮತ್ತೆ ಕಡ್ಡಿ. ಎಂಜಿನಿಯರ್ ಮಣ್ಣು ಸರಿಯಿಲ್ಲ ಅಂದ. ಆಚಾರ್ಯರು ಶಾಂತಿ ಮಾಡಿಸೋಣ ಅಂದರು.

ಒಂದು ರಜೆಯ ದಿನ ನನ್ನ ಗಂಡ, ಎಂಜಿನಿಯರ್, ನಾನು ಮೂವರೂ ಸಸಿ ನೋಡಲು ಹಿಂದೆ ಹೋದೆವು. ನೋಡಿದರೆ ನಮ್ಮತ್ತೆ! ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ತಮ್ಮ ತಂಗಿ ಮನೆಯಿಂದ ತಂದ ಆಡಿನ ಮರಿ. "ಜಲ್ದಿ ತಿನ್ನಲೇ, ಯಾರರ ಬರ್ತಾರ!"

"ಏನಮ್ಮಾ ಇದು?" ಅಂದ ಎಂಜಿನಿಯರ್.

ನಮ್ಮತ್ತೆ ಒಂಚೂರೂ ಅಳುಕಲಿಲ್ಲ. "ಮನಿಗೂ ಫ್ಯಾಕ್ಟ್ರಿಗೂ ನಡುವ ಮರಿ ಬೇಕಂದಿದ್ರಲ್ಲ ಸಾರ್, ತಂದೀನಿ ನೋಡ್ರಿ."

ಎಂಜಿನಿಯರ್ ಬಿದ್ದು ಬಿದ್ದು ನಕ್ಕ. ನನ್ನ ಗಂಡನಿಗೆ ಸಿಟ್ಟು ನೆತ್ತಿಗೇರಿತು. "ಅವ್ವಾ, ಹೋದದ್ದು ಹೋತು. ಆ ಗಿಡಾನ ಇನ್ನ ಮರಿ!"

ಇದು ಮೂರನೇ ಮರಿ. ಮರೆತುಬಿಡು ಅಂತ.

ನಮ್ಮತ್ತೆ ನಗಲಿಲ್ಲ. "ನಾ ಹೆಂಗ ಮರೀಲೋ? ನೀ ಮರತೀಯೇನು? ಮತ್ತ ಕ್ಯಾಂಟೀನ್ ಬಿಟ್ಟು ದಿನಾ ಮಧ್ಯಾಹ್ನ ಅದರ ಬುಡಕ್ಕ ಬಂದು ಯಾಕ ಬುತ್ತಿ ಬಿಚ್ಚತಿ? ಹೊಲ ಕೇಳಂಗಿಲ್ಲಪ್ಪಾ ನಾ. ಆ ಗಿಡದ ನೆಳ್ಳಾಗ ನೀ ಉಣ್ಣೋದು ಕಂಡ್ರ ಸಾಕು ನನಗ."

ಇಷ್ಟು ದಿನ ಅವರು ನೋಡುತ್ತಿದ್ದುದು ಏನು ಅಂತ ಆಗ ನನಗೆ ತಿಳಿಯಿತು. ನನ್ನ ಗಂಡ ಅವ್ವನ ಕೈಯಿಂದ ಹಗ್ಗ ತಗೊಂಡು ಕಣ್ಣೊರೆಸಿಕೊಂಡರು. ನನ್ನ ಕಣ್ಣಲ್ಲೂ ನೀರು. ಎಂಜಿನಿಯರ್ ನಮ್ಮದೇ ಧಾಟಿಯಲ್ಲಿ, "ಇಲ್ಲಿ ಮರಿ ಬ್ಯಾಡ ಬಿಡ್ರಿ" ಅಂದ.

ನಮ್ಮತ್ತೆ ಸೆರಗಲ್ಲಿ ಮೂಗು ಒರೆಸಿಕೊಂಡರು. "ಇಲ್ಲಿಂದ ಎಲ್ಲಾ ಛಲೋ ಕಾಣತೈತಿ ಸಾರ್. ಇಂವ ಬರೇ ರೊಟ್ಟಿ ತಿಂದು, ಪಲ್ಯ ನಾಯಿಗಿ ಹಾಕೋದೂ ಕಾಣತೈತಿ."

ಆ ಪಲ್ಯ ಮಾಡುವವಳು ನಾನು.

ಈಗ ದಿನಾ ಮಧ್ಯಾಹ್ನ ನಮ್ಮ ಹಿತ್ತಲಲ್ಲಿ ಎರಡು ಕುರ್ಚಿ.